ಸ್ಟೇಷನ್ ಕಟ್ಟುತ್ತಿರುವ ಹಳೆಯ ಫೋಟೋ: 1899 ಅಂತ ಈಗಲೇ ಬರೆಯಬೇಡಿ

ಅಜ್ಜನ ಟ್ರಂಕಿನಲ್ಲಿ ಸಿಕ್ಕ ಫೋಟೋ ಹಾಕಿ ಎರಡು ಪ್ರಶ್ನೆ ಕೇಳಿದ್ದೀರಿ. ಮನೆಯವರು ಇದು ಬೀರೂರು–ಶಿವಮೊಗ್ಗ ಮಾರ್ಗದ ಸ್ಟೇಷನ್ ಅಂತಾರೆ, 1899 ಅಂತ ಬರೆದಿಡಬಹುದಾ? ಲ್ಯಾಮಿನೇಷನ್ ಮಾಡಿಸಬಹುದಾ? ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಖಂಡಿತ ಬೇಡ. ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

1899 ಆ ಮಾರ್ಗದಲ್ಲಿ ರೈಲು ಓಡಾಟ ಶುರುವಾದ ವರ್ಷ. ಕಟ್ಟಡವೂ ಅದೇ ವರ್ಷದ್ದು ಅಂತೇನಿಲ್ಲ. ಮೊದಲು ಮಣ್ಣಿನ ಏರಿ, ಆಮೇಲೆ ಹಳಿ, ಆ ಹಳಿಯ ಮೇಲೇ ಕಲ್ಲು ಸುಣ್ಣ ತಂದು ಕಟ್ಟಡ, ಹೀಗೂ ಕೆಲಸ ಆಗುತ್ತಿತ್ತು. ಮೊದಲಿನ ಸಣ್ಣ ಕಟ್ಟಡ ಸಾಲದೆ ಎಷ್ಟೋ ವರ್ಷದ ಮೇಲೆ ಹೊಸದು ಕಟ್ಟಿದ್ದೂ ಇದೆ. ಅದೂ ಅಲ್ಲದೆ ನಿಮ್ಮ ಕಡೆ ಇನ್ನೊಂದು ಸಾಧ್ಯತೆ ಇದೆ. ಶಿವಮೊಗ್ಗದಿಂದ ಮುಂದಕ್ಕೆ ಹಳಿ ಹಂತಹಂತವಾಗಿ ಹೋಗಿ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಅಜ್ಜ ಆ ಕೆಲಸದಲ್ಲಿ ಇದ್ದಿರಬಹುದು ಅಲ್ವಾ? ಎರಡರ ನಡುವೆ ನಲವತ್ತು ವರ್ಷದ ಅಂತರ. ಫೋಟೋ ಯಾವ ಕಾಲದ್ದು ಅನ್ನುವುದನ್ನು ಫೋಟೋದಿಂದಲೇ ಹೊರಗೆ ತೆಗೆಯಬೇಕು.

ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಭಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ ಅಂತ ಬರೆದಿದ್ದೀರಿ. ಇದು ಒಳ್ಳೆ ಸುಳಿವು. ಜೆಲಟಿನ್ (ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಅಂಟು) ಸವರಿದ ಕಾಗದದ ಪ್ರಿಂಟ್‌ಗಳಲ್ಲಿ ಬೆಳ್ಳಿ ಮೇಲ್ಮೈಗೆ ಬಂದು ಹೀಗಾಗುತ್ತದೆ. 19ನೇ ಶತಮಾನದಲ್ಲಿ ಜಾಸ್ತಿ ಬಳಕೆಯಲ್ಲಿದ್ದದ್ದು ಆಲ್ಬುಮಿನ್ ಪ್ರಿಂಟ್, ಅಂದರೆ ಮೊಟ್ಟೆಯ ಬಿಳಿ ಸವರಿದ ತೆಳು ಕಾಗದ. ಅದು ಕಂದು ಬಣ್ಣಕ್ಕೆ ತಿರುಗಿ, ಬಿಳಿ ಭಾಗ ಹಳದಿಯಾಗುತ್ತದೆ. 1890ರ ದಶಕದಿಂದ ಜೆಲಟಿನ್ ಕಾಗದ ಮೇಲುಗೈ ಪಡೆಯಿತು. ಹಾಗಾಗಿ 1899 ಅಸಾಧ್ಯವಲ್ಲ, ಆದರೆ 1930ರ ದಶಕವೂ ಅಷ್ಟೇ ಸಾಧ್ಯ.

ಇನ್ನು ಚಿತ್ರದೊಳಗೆ. ಬಾಗಿಲಿನ ಮೇಲೆ ಕಮಾನಿಲ್ಲ, ನೇರ ಪಟ್ಟಿ ಇದೆ. ನಿಮ್ಮ ಫೋಟೋಗೆ ಉತ್ತರ ಬರೆದ ಒಬ್ಬರು ಆ ಪಟ್ಟಿಯನ್ನು ಕಾಂಕ್ರೀಟ್ ಅಂದಿದ್ದಾರೆ. ಹಾಗೇನಾದರೂ ಆಗಿದ್ದರೆ 1899 ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಆದರೆ ನಮ್ಮಲ್ಲಿ ಬಾಗಿಲ ಮೇಲೆ ಉದ್ದನೆಯ ಕಲ್ಲು ಚಪ್ಪಡಿ ಇಡುವುದು ರೈಲಿಗಿಂತ ಎಷ್ಟೋ ಹಳೆಯದು. ಪಟ್ಟಿಯ ಮೇಲೆ ಹಲಗೆಯ ಅಚ್ಚಿನ ಗೆರೆ ಕಂಡರೆ ಕಾಂಕ್ರೀಟ್, ಉಳಿಯ ಗುರುತು ಕಂಡರೆ ಕಲ್ಲು. ಈಗಿರುವ ವಾಟ್ಸಾಪ್ ಪ್ರತಿಯಲ್ಲಿ ಎರಡೂ ಕಾಣುವುದಿಲ್ಲ.

ಎಡ ಮೂಲೆಯಲ್ಲಿ ದುಂಡಗಿನ ಗುಂಡಿ, ಪಕ್ಕದಲ್ಲಿ ಎತ್ತು ಇದೆಯಲ್ಲ, ಅದು ಗಾರೆ ಅರೆಯುವ ಗಾಣ. ಸುಣ್ಣ ಮರಳು ಹಾಕಿ, ಎತ್ತಿನಿಂದ ಕಲ್ಲಿನ ಗಾಲಿ ಸುತ್ತಿಸಿ ಅರೆಯುತ್ತಿದ್ದರು. ನೋಡಲು ಚಂದ, ಕಾಲ ಹೇಳಲು ಮಾತ್ರ ಪ್ರಯೋಜನವಿಲ್ಲ. ಸಿಮೆಂಟ್ ಬಂದ ಮೇಲೂ ಹಳ್ಳಿ ಕಡೆ ಗಾರೆಯೇ ನಡೆಯಿತು. ಪೇಟ, ಪಂಚೆ, ಸಾರುವೆಗೆ ಕಟ್ಟಿದ ಬಿದಿರು ಇವೂ ಅಷ್ಟೇ.

ಮುಂದೆ ಕಾಣುವ ಕಿರಿದಾದ ಹಳಿ ನೋಡಿ ನ್ಯಾರೋಗೇಜ್ ಅಂದುಕೊಳ್ಳಬೇಡಿ (ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ). ಅದರ ಮೇಲೆ ಮಣ್ಣು ಸುರಿಯುವ ತೊಟ್ಟಿಗಾಡಿ ನಿಂತಿದೆ. ಕೆಲಸಕ್ಕೆ ಅಂತ ಹಾಕಿ ಆಮೇಲೆ ಕಿತ್ತೊಯ್ಯುವ ಲೈನು ಅದು. ನಿಜವಾದ ಮಾರ್ಗ ಹಿಂದಿನದು. ಹಳಿಯ ಪಕ್ಕ ನಿಂತ ಆಳಿನ ಎತ್ತರಕ್ಕೆ ಹೋಲಿಸಿ. ಬ್ರಾಡ್‌ಗೇಜ್ 1,676 ಮಿ.ಮೀ., ಹೆಚ್ಚುಕಡಿಮೆ ಒಂದಾಳುದ್ದ. ಮೀಟರ್‌ಗೇಜ್ 1,000 ಮಿ.ಮೀ., ಸೊಂಟದ ಮಟ್ಟ. ಇಲ್ಲಿರುವುದು ಮೀಟರ್‌ಗೇಜೇ. ಅಂದರೆ ಆಮೇಲೆ ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡಿದ ಕಾಲದ ಕೆಲಸ ಇದಲ್ಲ ಅನ್ನುವುದಂತೂ ಗಟ್ಟಿ.

ಕಾಗದಕ್ಕಿಂತ ಜಾಸ್ತಿ ನಂಬಿಕೆ ನನಗೆ ಕಬ್ಬಿಣದ ಮೇಲೆ. ಹಳೆಯ ಸ್ಟೇಷನ್ ಉಳಿದಿದ್ದರೆ ಹೋಗಿ ಬೇಲಿ ಕಂಬ, ಮಾಡಿನ ಕಂಬ ನೋಡಿ. ಎಷ್ಟೋ ಕಡೆ ತುಂಡು ಹಳಿಗಳನ್ನೇ ನೆಟ್ಟಿರುತ್ತಾರೆ. ಹಳಿಯ ನಡುವಿನ ಸಪೂರ ಭಾಗದಲ್ಲಿ ಕಾರ್ಖಾನೆಯ ಹೆಸರು, ತಯಾರಾದ ವರ್ಷ ಉಬ್ಬಕ್ಷರದಲ್ಲಿ ಇರುತ್ತದೆ. ಬಣ್ಣದ ಪದರ ದಪ್ಪ ಇದ್ದರೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಅಕ್ಷರ ಎದ್ದು ಬರುತ್ತದೆ. ಒಂದು ಎಚ್ಚರಿಕೆ: ಬೇರೆ ಕಡೆ ಸವೆದ ಹಳಿ ತಂದು ನೆಡುವುದು ಸಾಮಾನ್ಯ. ಹಾಗಾಗಿ ಆ ವರ್ಷಕ್ಕಿಂತ ಮುಂಚೆ ಕಂಬ ನೆಟ್ಟಿಲ್ಲ ಅಂತ ಮಾತ್ರ ತಿಳಿಯುತ್ತದೆ, ಕಟ್ಟಿದ ವರ್ಷವಲ್ಲ. ಅದೇ ಕಂಬ ಫೋಟೋದಲ್ಲೂ ಇದ್ದರೆ ಮಾತ್ರ ಫೋಟೋಗೂ ಅದು ಅನ್ವಯಿಸುತ್ತದೆ. ಸ್ಟೇಷನ್ ಮಾಸ್ಟರ್‌ಗೆ ಹೇಳಿ ನೋಡಿ, ಸುಮ್ನೆ ಹಳಿ ಮೇಲೆ ಇಳಿಯಬೇಡಿ.

ದಾಖಲೆ ಬೇಕಾದರೆ ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆ ಭಾಗ ಓದಿ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನ ಕಾಲದ ಕಡತಗಳಿವೆ.

ಫೋಟೋ ಉಳಿಸುವ ವಿಚಾರ. ಲ್ಯಾಮಿನೇಷನ್‌ನ ಬಿಸಿ, ಅಂಟು ಒಮ್ಮೆ ಹತ್ತಿದರೆ ಬಿಡಿಸಲು ಆಗುವುದಿಲ್ಲ. ಫೋಟೋ ಅಂಟಿಸಿರುವ ರಟ್ಟಿನಿಂದ ಅದನ್ನು ಕೀಳಲೂ ಹೋಗಬೇಡಿ. ಅಂಟು ಹಾಳೆಯ ಆಲ್ಬಮ್, ಸೆಲ್ಲೋಟೇಪ್ ಎರಡೂ ಬೇಡ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಬಿಸಿಲು ತೇವ ಇಲ್ಲದ ಕಡೆ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಹೊರಗಿನ ಗೋಡೆಗೆ ತಾಗಿದ ಬೀರು ಆಗದು, ಬೂಸ್ಟು ಹಿಡಿಯುತ್ತದೆ. ಏನಾದರೂ ಬರೆಯಬೇಕಿದ್ದರೆ ಹಿಂದೆ, ಮೆತ್ತಗಿನ ಪೆನ್ಸಿಲ್‌ನಲ್ಲಿ. ಅಂಗಡಿಯವರು ಬಣ್ಣ ತುಂಬಿಕೊಡುತ್ತೇವೆ ಅಂದರೆ ಪ್ರತಿಗೆ ತುಂಬಲಿ, ಆದರೆ ಅದನ್ನು ದಾಖಲೆ ಅಂತ ಹಂಚಬೇಡಿ.

ಮೊದಲು ಸ್ಕ್ಯಾನ್ ಮಾಡಿಸಿ. ಅಂಗೈಯಗಲದ ಪ್ರಿಂಟ್ ಆದ್ದರಿಂದ 1200 ಡಿಪಿಐ (ಇಂಚಿಗೆ 1200 ಚುಕ್ಕಿ), ಟಿಫ್ ಫೈಲ್ (ಚಿತ್ರದ ವಿವರ ಕಳೆಯದ ಬಗೆ), ಕಲರ್ ಮೋಡ್‌ನಲ್ಲೇ. ರಟ್ಟಿನ ಅಂಚು ಪೂರ್ತಿ ಬರಲಿ, ಹಿಂಬದಿಯೂ ಬರಲಿ. ಹಿಂದೆ ಮಾಸಿದ ಬರಹ ಇದೆ ಅಂದಿರಿ. ಕತ್ತಲೆ ಕೋಣೆಯಲ್ಲಿ ಒಂದು ಪಕ್ಕದಿಂದ ಟಾರ್ಚ್ ಹಿಡಿದು ಮೊಬೈಲ್‌ನಲ್ಲಿ ತೆಗೆಯಿರಿ, ಪೆನ್ಸಿಲ್ ಒತ್ತಿದ ಗೆರೆ ಕಾಣಬಹುದು. ಆ ಚಿತ್ರವನ್ನೂ ಬಾಗಿಲ ಪಟ್ಟಿಯ ಭಾಗವನ್ನೂ ಇಲ್ಲಿ ಫೋಟೋ ಆಗಿ ಅಲ್ಲ, ಸ್ಪಷ್ಟತೆ ಕಳೆಯದ ಹಾಗೆ ಡಾಕ್ಯುಮೆಂಟ್ ಆಗಿ ಹಾಕಿ, ಕಲ್ಲೋ ಕಾಂಕ್ರೀಟೋ ನೋಡೋಣ.