ಲೆನಿನ್ ದಾರಿಯೋ ರೋಸಾ ದಾರಿಯೋ ಅಂತ ಒಡೆಯುವ ಮುಂಚೆ ಇದನ್ನು ಓದಿ

ಪಕ್ಷ ಹೇಗೆ ಕಟ್ಟಬೇಕು ಅಂತ ಕೇಳಿ ನೀವು ಬರೆದದ್ದು ಓದಿದೆ. ನಿಮ್ಮದು ಒಂಬತ್ತು ಜನರ ಓದುವ ಗುಂಪು, ಕಾರ್ಮಿಕರ ಪಕ್ಷ ಕಟ್ಟುವ ಆಸೆ. ರಷ್ಯಾದ ಲೆನಿನ್ ಹೇಳಿದ ಹಾಗೆ ಬಿಗಿ ಶಿಸ್ತಿನ ಪಕ್ಷ ಕಟ್ಟಬೇಕೋ, ಜರ್ಮನಿಯ ಕ್ರಾಂತಿಕಾರಿ ರೋಸಾ ಲಕ್ಸೆಂಬರ್ಗ್ ಹೇಳಿದ ಹಾಗೆ ಜನರ ಚಳವಳಿಯಿಂದಲೇ ಬೆಳೆಯುವ ಪಕ್ಷವೋ ಅನ್ನುವ ಜಗಳದಲ್ಲಿ ಗುಂಪು ಎರಡಾಗುವ ಹಾಗಿದೆ, ಅಲ್ವಾ? ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆ ಕಿವುಚಿದ ಹಾಗಾಯಿತು. ನಮ್ಮದೂ ಇಂಥದ್ದೇ ಗುಂಪು, ನಾವು ಹನ್ನೊಂದು ಜನ ಇದ್ದೆವು.

ನಮ್ಮ ಜಗಳ 1903ರ ಒಂದು ನಿಯಮದ ಮೇಲೆ. ರಷ್ಯಾದ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ಎರಡನೇ ಅಧಿವೇಶನದಲ್ಲಿ, ಪಕ್ಷದ ಯಾವುದಾದರೂ ಘಟಕದೊಳಗೆ ತಾನೇ ಕೆಲಸ ಮಾಡುವವನು ಮಾತ್ರ ಸದಸ್ಯ ಅಂದರು ಲೆನಿನ್. ಘಟಕದ ಮಾತು ಕೇಳಿಕೊಂಡು ನೆರವಾದರೂ ಸಾಕು ಅಂದರು ಅದೇ ಪಕ್ಷದ ಇನ್ನೊಬ್ಬ ನಾಯಕ ಮಾರ್ತೊವ್. ಆ ನಿಯಮದಲ್ಲಿ ಗೆದ್ದದ್ದು ಮಾರ್ತೊವ್, 28ಕ್ಕೆ 22 ಮತ. ಇದರ ಮೇಲೆ ನಾವು ಐದು ವಾರ ಕಿತ್ತಾಡಿದೆವು. ನಮ್ಮಲ್ಲಿ ಒಬ್ಬರೇ ಒಬ್ಬ ಕಾರ್ಖಾನೆ ಕಾರ್ಮಿಕ ಇರಲಿಲ್ಲ. ಬಾಗಿಲೇ ಇಲ್ಲದ ಮನೆಗೆ ಯಾವ ಬೀಗ ಹಾಕೋಣ ಅಂತ ಚರ್ಚೆ!

ಅಷ್ಟರಲ್ಲಿ ಒಂದು ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ಕಾರಣ ದಂಡ. ಎರಡು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್. ಮುಷ್ಕರ ಸಮಿತಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ಸಿದ್ಧಾಂತಕ್ಕಲ್ಲ, ನಮ್ಮ ಹತ್ತಿರ ಒಂದು ಹಳೇ ಪ್ರಿಂಟರ್ ಇತ್ತು, ಅದಕ್ಕೆ. ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸು ಕೈಯಲ್ಲಿ ಬರೆದ ಹಾಳೆ ಕೊಟ್ಟರು. ಮೂರೇ ಸಾಲು. ದಂಡ ನಿಲ್ಲಿಸಿ. ಹಿಡಿದ ಸಂಬಳ ವಾಪಸ್ ಕೊಡಿ. ಕೊಟ್ಟ ದಿನವೇ ಕೆಲಸಕ್ಕೆ ಬರುತ್ತೇವೆ. ಕೆಳಗೆ ಸಮಿತಿಯ ಹೆಸರು.

ನಾನು ನಾಲ್ಕನೇ ಸಾಲು ಸೇರಿಸಿದೆ: "ಬಂಡವಾಳಶಾಹಿ ಬೀಳುವವರೆಗೆ ಈ ಹೋರಾಟ ನಿಲ್ಲದು."

ಈ ಸಾಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕ್ಷಮಿಸಿ. ಅದು ಸುಳ್ಳು ಅಂತಲ್ಲ. ಈಗಲೂ ಅದನ್ನು ನಂಬುತ್ತೇನೆ. ಆದರೆ ಮೂರನೇ ಸಾಲು ಕೆಲಸಕ್ಕೆ ಬರುತ್ತೇವೆ ಅನ್ನುತ್ತದೆ, ಅದರ ಕೆಳಗೇ ನಾಲ್ಕನೆಯದು ಬರುವುದಿಲ್ಲ ಅನ್ನುತ್ತದೆ. ಇಷ್ಟೂ ನಮಗೆ ಕಾಣಲಿಲ್ಲ. ರಾತ್ರಿ ಎರಡು ಗಂಟೆವರೆಗೆ ಕೂತು "ಬೀಳುವವರೆಗೆ" ಸರಿಯೋ "ಉರುಳಿಸುವವರೆಗೆ" ಸರಿಯೋ ಅಂತ ಚರ್ಚೆ ಮಾಡಿದೆವು. ಬರೆದವರನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಇಲ್ಲ, ಇದು ಸುಳ್ಳು. ನನಗೆ ಹೊಳೆದಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ನಮ್ಮ ಹೆಸರಲ್ಲಿ ಬೇರೆ ಹಾಳೆ ಹಂಚಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅವರ ಹೆಸರಿನ ಮೇಲೆ ನನ್ನ ಮಾತು ತುರುಕಿದೆ.

ಬೆಳಿಗ್ಗೆ ಗೇಟಿನ ಹತ್ತಿರ ಮ್ಯಾನೇಜರ್ ಆ ಹಾಳೆಯನ್ನೇ ಮೈಕಿನಲ್ಲಿ ಓದಿದರು. ನಾಲ್ಕನೇ ಸಾಲನ್ನು ಎರಡು ಸಲ. "ದಂಡದ ಬಗ್ಗೆ ಮಾತಾಡೋಕೆ ನಾವು ರೆಡಿ. ಆದರೆ ಏನು ಕೊಟ್ಟರೂ ನಿಲ್ಲಿಸಲ್ಲ ಅಂತ ನಿಮ್ಮವರೇ ಬರೆದಿದ್ದಾರಲ್ಲ!" ಮಧ್ಯಾಹ್ನದ ಶಿಫ್ಟಿಗೆ ಅರ್ಧಕ್ಕರ್ಧ ಜನ ಒಳಗೆ ಹೋದರು. ನಾಲ್ಕು ದಿನಕ್ಕೆ ಎಲ್ಲ ಮುಗಿಯಿತು. ದಂಡ ಹಾಗೇ ಉಳಿಯಿತು.

ಆ ಹೆಂಗಸು ಬೈಯಲಿಲ್ಲ. ಉಳಿದ ಹಾಳೆಗಳ ಕಟ್ಟು ತಂದುಕೊಟ್ಟು ಹೋದರು. ಮೇಲಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೇಟ್ ಕಾಯುವವರ ಪಾಳಿ ಬರೆದಿತ್ತು. ಯಾರು ಎಷ್ಟು ಗಂಟೆಗೆ, ಯಾರ ಮಗುವಿಗೆ ಜ್ವರ, ಅವರ ಬದಲಿಗೆ ಯಾರು. ನಾವು ಐದು ವಾರ ಹುಡುಕಿದ "ಘಟಕ" ಅಲ್ಲಿತ್ತು. ನಾವು ಆಮೇಲೆ ಆರು ಮತ್ತು ಐದಾಗಿ ಒಡೆದೆವು, ಅದು ಬಿಡಿ.

ತುಂಬಾ ತಡವಾಗಿ ಗೊತ್ತಾದ ಇನ್ನೊಂದು ವಿಷಯ. 1895ರಲ್ಲಿ ಲೆನಿನ್ ಪೀಟರ್ಸ್‌ಬರ್ಗ್ ಕಾರ್ಮಿಕರಿಗಾಗಿ ಒಂದು ಚಿಕ್ಕ ಪುಸ್ತಕ ಬರೆದರು. ವಿಷಯ ಏನು ಗೊತ್ತಾ? ದಂಡ! ಯಾವುದಕ್ಕೆ ಹಾಕಬಹುದು, ಎಷ್ಟು ಹಾಕಬಹುದು, ಆ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಕಾನೂನನ್ನು ಬಿಡಿಸಿ ಬಿಡಿಸಿ ಹೇಳಿದ್ದಾರೆ. ಆ ಕಾನೂನು ಬಂದದ್ದೇ 1885ರ ಮೊರೊಜೊವ್ ಗಿರಣಿ ಮುಷ್ಕರದ ಬಿಸಿಗೆ. ನಮ್ಮ ಕಪಾಟಿನಲ್ಲಿ ಲೆನಿನ್ ಸಂಪುಟಗಳಿದ್ದವು. ನಾವು ಅದನ್ನು ತೆರೆದೇ ಇರಲಿಲ್ಲ, ತೀರಾ ಸಣ್ಣ ವಿಷಯ ಅಂತ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಮ್ಮ ಮಾತು ಅತಿಯಾದದ್ದಕ್ಕೆ ಕಾರಣ ಕೊಡುತ್ತಾ, ಕೋಲು ಒಂದು ಕಡೆಗೆ ಬಾಗಿತ್ತು, ನೆಟ್ಟಗೆ ಮಾಡಲು ನಾನು ಇನ್ನೊಂದು ಕಡೆಗೆ ಎಳೆದೆ ಅಂತ 1903ರಲ್ಲಿ ಲೆನಿನ್ನರೇ ಹೇಳಿದ್ದಾರೆ. 1905ರಲ್ಲಿ ಜನ ಬೀದಿಗೆ ಬಂದಾಗ, ಸಮಿತಿಗಳಿಗೆ ಕಾರ್ಮಿಕರನ್ನು ಸೇರಿಸಿಕೊಳ್ಳಿ ಅಂತ ತಮ್ಮವರ ಜೊತೆಗೇ ಜಗಳ ಆಡಿದರು. ಇನ್ನು ರೋಸಾ. 1918ರ ಕೊನೆಗೆ ಜರ್ಮನ್ ಕಮ್ಯುನಿಸ್ಟ್ ಪಕ್ಷ ಹುಟ್ಟಿದ ಸಭೆಯಲ್ಲೇ, ಚುನಾವಣೆಗೆ ನಿಲ್ಲೋಣ ಅನ್ನುವ ಅವರ ಮಾತು 62ಕ್ಕೆ 23 ಮತಗಳಿಂದ ಬಿದ್ದುಹೋಯಿತು. ಎರಡೇ ವಾರಕ್ಕೆ, ಜನವರಿ 15ರಂದು, ಅವರನ್ನು ಕೊಂದರು. ಅವರು ಪಕ್ಷ ಕಟ್ಟಿದ್ದು ತಡವಾಯಿತು ಅನ್ನುವುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಿಲ್ಲ. ಇಬ್ಬರೂ ಕಾಲ ಬುಡದಲ್ಲಿ ಚಳವಳಿ ಇಟ್ಟುಕೊಂಡು ವಾದ ಮಾಡಿದವರು. ನಿಮ್ಮ ಕಾಲ ಬುಡದಲ್ಲಿ ಸದ್ಯಕ್ಕೆ ಎಂಟು ಜನ ಗೆಳೆಯರಿದ್ದಾರೆ.

ಕ್ರಾಂತಿಗೆ ಕಾಲ ಬಂದಿದೆಯಾ ಅಂತಲೂ ಕೇಳಿದ್ದೀರಿ. ನಮ್ಮಂಥ ಹಿರಿಯರು ಅದನ್ನು ನೋಡಲಿಕ್ಕಿಲ್ಲ ಅಂತ ಲೆನಿನ್ ಜೂರಿಕ್‌ನಲ್ಲಿ ಹೇಳಿದ್ದು 1917ರ ಜನವರಿಯಲ್ಲಿ. ಕೆಲವೇ ವಾರಗಳಲ್ಲಿ, ಮಾರ್ಚ್ 8ರ ಮಹಿಳಾ ದಿನದಂದು, ಪೆಟ್ರೊಗ್ರಾದ್‌ನ (ಪೀಟರ್ಸ್‌ಬರ್ಗ್‌ಗೆ ಆಗ ಇದ್ದ ಹೆಸರು) ಗಿರಣಿ ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದರು. ಕ್ರಾಂತಿ ಶುರುವಾದದ್ದೇ ಅಲ್ಲಿಂದ. ಅವತ್ತು ಮುಷ್ಕರ ಬೇಡ ಅಂತ ಅಲ್ಲಿನ ಬೊಲ್ಶೆವಿಕ್, ಅಂದರೆ ಲೆನಿನ್ ಬಣದ, ಸಂಘಟಕರೇ ಹೇಳಿದ್ದರು.

ಈಗಲೇ ಒಡೆಯಬೇಡಿ. ಓದುವುದನ್ನೂ ಬಿಡಬೇಡಿ. ಒಂದೆರಡು ತಿಂಗಳು ಈ ವಿಷಯದ ಸಭೆ ಮಾತ್ರ ನಿಲ್ಲಿಸಿ. ನಿಮ್ಮ ಒಂಬತ್ತು ಜನರಲ್ಲಿ ಯಾರಿಗಾದರೂ ಸಂಬಳದ ಚೀಟಿ ನೋಡಿ ಕಡಿತ ಸರಿಯಾಗಿದೆಯೋ ಇಲ್ಲವೋ ಹೇಳಲು ಬರುತ್ತದಾ? ಬರದಿದ್ದರೆ ಮೊದಲು ಅದನ್ನು ಕಲಿಯಿರಿ, ಆ ಚೀಟಿ ಹಿಡಿದು ಬಂದವರ ಮನೆಗೆ ಹೋಗಿ ಕೂತು ಮಾತಾಡಿ. ಯಾರಾದರೂ ಹಾಳೆ ತಂದು ಪ್ರಿಂಟ್ ಮಾಡಿಕೊಡಿ ಅಂದರೆ ಕೊಟ್ಟ ಹಾಗೇ ಮಾಡಿಕೊಡಿ. ಕಾಗುಣಿತ ತಪ್ಪಿದ್ದರೂ ಕೇಳಿ ತಿದ್ದಿ.