ಸೂಪರ್‌ಮಾರ್ಕೆಟ್‌ನವರು ನನ್ನ ಚಟ್ನಿಪುಡಿಗೆ 4 ತಿಂಗಳಿಂದ ದುಡ್ಡು ಕೊಟ್ಟಿಲ್ಲ, ಈಗ ‘ಮಾಲು ಸರಿ ಇರಲಿಲ್ಲ’ ಅಂತಾರೆ. ಏನು ಮಾಡಲಿ?

ಈ ಮಾತು ನಾನೂ ಕೇಳಿದ್ದೇನೆ. ಹುಬ್ಬಳ್ಳಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ.

ನಿಮ್ಮ ಚಟ್ನಿಪುಡಿ ವ್ಯವಹಾರಕ್ಕೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಇದೆಯಾ? ಮಾಲು ಕೊಡುವ ಮೊದಲೇ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಿಮ್ಮ ಕಡೆಗಿದೆ. ದುಡ್ಡು ಕೊಡಲು ಅವರಿಗೆ ಬರೆದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನ. ಆರ್ಡರ್‌ನಲ್ಲಿ ‘90 ದಿನ’ ಅಂತ ಅವರೇ ಅಚ್ಚು ಹಾಕಿಕೊಂಡಿದ್ದರೂ 45 ದಾಟುವ ಹಾಗಿಲ್ಲ, ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ಮುಟ್ಟಿದ 15 ದಿನದೊಳಗೆ ಬರೆದು ಕೊಡಬೇಕಿತ್ತು, ಕೊಡದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಮಾಲು ಇಳಿಸಿದ ಚಲನ್ ಮೇಲೆ ಅವರ ಸೀಲು, ಸಹಿ, ತಾರೀಕು ಇದೆಯಾ ನೋಡಿ.

ನನಗೊಬ್ಬರು ಪ್ರತಿ ಬಿಲ್ಲಿಗೂ ‘ಡ್ಯಾಮೇಜ್’ ಅಂತ ಡೆಬಿಟ್ ನೋಟ್ (ದುಡ್ಡು ಕಡಿತದ ಚೀಟಿ) ಹಾಕುತ್ತಿದ್ದರು. ಒಮ್ಮೆ 40 ಪ್ಯಾಕೆಟ್‌ನಲ್ಲಿ 18! ಮುರಿದ ರೊಟ್ಟಿ ವಾಪಸ್ ಕೊಡಿ, ಸಾರಿನಲ್ಲಿ ನೆನೆಸಿಕೊಂಡು ನಾವೇ ತಿಂತೀವಿ ಅಂದೆ. ಗೋಡೌನ್ ಹುಡುಗ ಅರ್ಧ ತಾಸು ಹುಡುಕಿ 3 ಪ್ಯಾಕೆಟ್ ತಂದ, ಅದರಲ್ಲಿ ಒಂದು ನಮ್ಮದೇ ಅಲ್ಲ. ಅವತ್ತಿನಿಂದ ನಮ್ಮ ರೊಟ್ಟಿ ಮುರಿಯುವುದು ಕಡಿಮೆಯಾಯಿತು.

ಈಗ ಅವರ ಅಕೌಂಟೆಂಟ್‌ಗೆ ಒಂದು ಮೇಲ್ ಹಾಕಿ, ಉದ್ಯಮ್ ನಂಬರ್ ಸಮೇತ. ಸಣ್ಣ ತಯಾರಕರ ಬಾಕಿ ಗಡುವು ದಾಟಿ ಮಾರ್ಚ್ 31ಕ್ಕೂ ಉಳಿದರೆ ಆ ಖರೀದಿಯನ್ನು ಆ ವರ್ಷದ ಖರ್ಚಿಗೆ ಹಿಡಿಯಲು ಬರಲ್ಲ, ತೆರಿಗೆ ಜಾಸ್ತಿ ಬೀಳುತ್ತದೆ. 2023ರ ಬಜೆಟ್‌ನಲ್ಲಿ ಬಂದ ನಿಯಮ ಇದು. ಮಾಲೀಕರಿಗೆ ಇದು ಗೊತ್ತಿರಲ್ಲ, ಅಕೌಂಟೆಂಟ್‌ಗೆ ಚೆನ್ನಾಗಿ ಗೊತ್ತಿರುತ್ತದೆ. ಬಗ್ಗದಿದ್ದರೆ ಕೇಂದ್ರ ಎಂಎಸ್‌ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಿ, ಅದು ಇಂಥ ಬಾಕಿ ತೀರ್ಮಾನಿಸುವ ರಾಜ್ಯದ ಕೌನ್ಸಿಲ್‌ಗೆ ಹೋಗುತ್ತದೆ. ಅಲ್ಲಿ ಸೂಪರ್‌ಮಾರ್ಕೆಟ್‌ನವರು ಸೋತು ಕೋರ್ಟಿಗೆ ಹೋಗಬೇಕೆಂದರೆ ಮೊದಲು ತೀರ್ಪಿನ ಮೊತ್ತದ ಶೇ. 75ರಷ್ಟು ಹಣ ಕಟ್ಟಬೇಕು.

ಆದರೆ ದೂರು ಕೊಟ್ಟ ಮೇಲೆ ನಿಮ್ಮ ಮಾಲು ತಗೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ಬ್ರಿಟನ್‌ನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಮೇಲೆ ಕಣ್ಣಿಡಲು 2013ರಿಂದ ಒಬ್ಬ ಅಧಿಕಾರಿ ಇದ್ದಾರೆ, ದೂರು ಕೊಟ್ಟವರ ಹೆಸರು ಹೊರಗೆ ಬಿಡಲ್ಲ. ನಮ್ಮಲ್ಲಿ ಹೆಸರು ಹಾಕಿಯೇ ಕೊಡಬೇಕು. ಅದಕ್ಕೇ ನಾನು ಹಳೇ ಬಿಲ್ಲಿನ ರೊಕ್ಕ ಬರದೆ ಮುಂದಿನ ಬಾಕ್ಸ್ ಇಳಿಸಲ್ಲ, ಮತ್ತು ಅರ್ಧಕ್ಕಿಂತ ಜಾಸ್ತಿ ಮಾಲು ಕಿರಾಣಿ ಅಂಗಡಿಗಳಿಗೇ ಹೋಗುತ್ತದೆ. ಅವರು ಗಲ್ಲಾಪೆಟ್ಟಿಗೆಯಿಂದಲೇ ಎಣಿಸಿ ಕೊಡುತ್ತಾರೆ, 10 ರೂಪಾಯಿ ಚೌಕಾಸಿ ಮಾಡಿ.