ಮೋಡವಿಲ್ಲದಿದ್ದರೂ ಹಿಮ ಸೇರುತ್ತದೆ

ಪ್ರಶ್ನೆ: ಸ್ಕಂದಗಿರಿ, ಮಧುಗಿರಿ ಹತ್ತಿ ರೂಢಿಯಿದೆ. ಈ ಚಳಿಗಾಲ ಉತ್ತರಾಖಂಡದ ಹಿಮದ ಚಾರಣಕ್ಕೆ ಹೊರಟಿದ್ದೇವೆ. ಹಿಮ ಬಿದ್ದು ಎರಡು ದಿನವಾಗಿ ಆಕಾಶ ತಿಳಿಯಾದರೆ ಹಿಮಕುಸಿತದ ಭಯವಿಲ್ಲವಂತೆ, ನಿಜವೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಆ ಎರಡು ದಿನ ಗಾಳಿ ಬೀಸಿತ್ತೇ ಎಂದು ಮೊದಲು ವಿಚಾರಿಸಿ. ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರಿ ಗಾಳಿ ಹೋಗುವ ಕಡೆ ಗುಡ್ಡೆ ಬೀಳುತ್ತದಲ್ಲ, ಪರ್ವತದ ಏಣಿನಲ್ಲೂ (ಎರಡು ಇಳಿಜಾರು ಕೂಡುವ ನೆತ್ತಿಯ ಅಂಚು) ಅದೇ ಕೆಲಸ. ಗಾಳಿಗೆ ಎದುರಾದ ಮೈಯಿಂದ ಎದ್ದ ಹಿಮ ಏಣು ದಾಟಿ ಮರೆಯ ಮಗ್ಗುಲಿಗೆ ಬೀಳುತ್ತದೆ. ಹೊಸ ಹಿಮ ಚೂರೂ ಬೀಳದೆ ಕೆಲವೇ ಗಂಟೆಗಳಲ್ಲಿ ಅಲ್ಲಿ ಮೊಣಕಾಲುದ್ದ ಸೇರಬಹುದು. ಹಾರುವಾಗ ಹರಳುಗಳ ಮೊನೆ ಮುರಿದು ಪುಡಿಯಾಗಿ, ಒತ್ತಾಗಿ ಕೂತು, ಹಲಗೆಯಂತೆ ಗಟ್ಟಿಯಾಗುತ್ತವೆ. ಅಡಿಯಲ್ಲಿ ಹಳೆಯ ಹಿಮ ಸಕ್ಕರೆಯಂತೆ ಸಡಿಲವಾಗಿದ್ದರೆ ಒಬ್ಬರ ತೂಕಕ್ಕೇ ಇಡೀ ಹಲಗೆ ಬಿರಿದು ಜಾರುತ್ತದೆ. ಮೋಸವೆಂದರೆ, ಕಾಲು ಹೂತುಹೋಗದ ಆ ಹಿಮವೇ ನಡೆಯಲು ಹಿತ.

ಹೆಜ್ಜೆಯಿಟ್ಟಾಗ ತಮಟೆಯಂಥ ಟೊಳ್ಳು ಸದ್ದು, ಬೂಟಿನಿಂದ ಮುಂದಕ್ಕೆ ಓಡುವ ಬಿರುಕು, ಕಾಲಡಿ ‘ಧೊಪ್’ ಎಂದು ಕುಸಿದ ಅನುಭವ: ಇವುಗಳಲ್ಲಿ ಒಂದಾದರೂ ಸಾಕು, ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಏಣಿನ ಅಂಚಿನಲ್ಲಿ ಹಿಮ ಕಿಟಕಿಯ ಸಜ್ಜಾದಂತೆ ಚಾಚಿಕೊಂಡ ಕಡೆಯೇ ಗಾಳಿಯ ಮರೆ. ಅದರ ಮೇಲೂ ಬೇಡ, ಕೆಳಗೂ ಬೇಡ.

ಮಧುಗಿರಿಯ ಬಂಡೆಯಲ್ಲಿ ಕಡಿದಾದಷ್ಟೂ ಅಪಾಯ. ಹಿಮದ ಲೆಕ್ಕ ಬೇರೆ: ತೀರಾ ಕಡಿದಾದ ಮೈಯಲ್ಲಿ ಅದು ಹೆಚ್ಚು ನಿಲ್ಲುವುದೇ ಇಲ್ಲ, ಹೆಚ್ಚಿನ ಕುಸಿತ 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ. ಅಳೆಯಲು ಒಂದೇ ಅಳತೆಯ ಎರಡು ಊರುಗೋಲು ಸಾಕು. ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಅದರ ನಡುಮಧ್ಯಕ್ಕೆ ತಾಗಿಸಿ ಬೆಟ್ಟದ ಕಡೆಗೆ ಮಟ್ಟಸವಾಗಿ ಹಿಡಿಯಿರಿ. ತುದಿ ಹಿಮಕ್ಕೆ ತಾಗಿದರೆ ಸುಮಾರು 27 ಡಿಗ್ರಿ. ಕೋಲು ಪೂರ್ತಿ ಹಿಡಿಸದೆ ಹಿಮಕ್ಕೆ ಚುಚ್ಚಿಕೊಂಡರೆ ಅದಕ್ಕಿಂತ ಕಡಿದು. ಅಂಥ ಮೈಯ ಬುಡದ ಸಮತಟ್ಟಿನಲ್ಲೂ ಡೇರೆ ಹಾಕಬೇಡಿ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಎಚ್ಚರಿಕೆಯನ್ನೂ ನೋಡಿಕೊಳ್ಳಿ.

ಪ್ರಶ್ನೆ: ಹೂತವರನ್ನು ಹುಡುಕುವ ಟ್ರಾನ್ಸೀವರ್ ತಂಡಕ್ಕೆ ಒಂದಿದ್ದರೆ ಸಾಲದೇ?
– ಓದುಗರು, ತುಮಕೂರು

ಉತ್ತರ: ಸಾಲದು. ರೇಡಿಯೋ ಸಂಕೇತ ಕಳಿಸಲು ಹೂತವರ ಮೈಮೇಲೆ ಒಂದು, ಅದನ್ನು ಹಿಡಿಯಲು ಹುಡುಕುವವರ ಕೈಯಲ್ಲಿ ಒಂದು ಇರಲೇಬೇಕು. ಜೊತೆಗೆ ಪ್ರತಿಯೊಬ್ಬರಿಗೂ 240 ಸೆಂ.ಮೀ.ಗೆ ಕಡಿಮೆಯಿಲ್ಲದ ಮಡಚುವ ಶೋಧಕೋಲು, ಲೋಹದ ಸಲಿಕೆ. ಕುಸಿದು ನಿಂತ ಹಿಮ ಗಾರೆಯಂತೆ ಬಿಗಿಯುವುದರಿಂದ ಪ್ಲಾಸ್ಟಿಕ್ ಸಲಿಕೆ ಮುರಿದೀತು. ಮೊದಲ 15 ನಿಮಿಷ ಮೀರಿದರೆ ಬದುಕುವ ಸಾಧ್ಯತೆ ಧುತ್ತನೆ ಇಳಿಯುತ್ತದೆ. ಹುಡುಕುವಾಗ ಮೊಬೈಲ್ ಕನಿಷ್ಠ 50 ಸೆಂ.ಮೀ. ದೂರವಿರಲಿ, ಇಲ್ಲದಿದ್ದರೆ ಸಂಕೇತ ಕಲಸಿಹೋಗುತ್ತದೆ. ಅಭ್ಯಾಸಕ್ಕೆ ಹಿಮ ಬೇಕಿಲ್ಲ: ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಊರ ಮೈದಾನದಲ್ಲಿ ಬಚ್ಚಿಟ್ಟು, ಗಡಿಯಾರ ಹಿಡಿದು ಹುಡುಕಿ.